ಸಿಲ್ಕಿ ಹುಂಜಕ್ಕೆ ನಾಟಿ ಹೇಂಟೆ ಜೋಡಿ ಮಾಡಿದರೆ ಮರಿಗಳಿಗೆ ರೇಷ್ಮೆ ಗರಿ ಯಾಕೆ ಬರಲ್ಲ?

ಸಿಲ್ಕಿ ಅಂದರೆ ರೇಷ್ಮೆಯಂಥ ಗರಿಯ ಕೋಳಿ ತಳಿ. ಆ ರೇಷ್ಮೆ ಗರಿ ಬರಬೇಕಾದರೆ ಮರಿಗೆ ಅಪ್ಪ, ಅಮ್ಮ ಇಬ್ಬರಿಂದಲೂ ಸಿಲ್ಕಿ ಜೀನ್ ಸಿಗಬೇಕು. ನಿಮ್ಮ ಮರಿಗಳಿಗೆ ಸಿಕ್ಕಿದ್ದು ಹುಂಜದಿಂದ ಬಂದ ಒಂದೇ. ಅದಕ್ಕೇ ಎಲ್ಲಕ್ಕೂ ಮಾಮೂಲಿ ಗರಿ.

ಮಾಮೂಲಿ ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ತವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಗರಿಯನ್ನು ಹಾಳೆಯ ಹಾಗೆ ಹಿಡಿದಿಡುತ್ತವೆ. ಸಿಲ್ಕಿಯಲ್ಲಿ ಆ ಕೊಕ್ಕೆಗಳು ಸರಿಯಾಗಿ ಬೆಳೆಯುವುದಿಲ್ಲ. ಎಳೆಗಳು ಬಿಡಿಬಿಡಿಯಾಗಿ ಹರಡಿ ಹತ್ತಿಯಂತೆ ಮೆತ್ತಗಾಗುತ್ತವೆ. ಮಳೆಯಲ್ಲಿ ಸಿಲ್ಕಿ ಚರ್ಮದವರೆಗೂ ನೆನೆಯುತ್ತದೆ ಅಲ್ವಾ, ಅದಕ್ಕೂ ಇದೇ ಕಾರಣ. ನಾಟಿ ಕೋಳಿಯ ಜೀನ್ ಒಂದಿದ್ದರೂ ಸಾಕು, ಕೊಕ್ಕೆ ಬೆಳೆದುಬಿಡುತ್ತದೆ.

ಆದರೆ ಈ ಮರಿಗಳನ್ನು ಸುಮ್ನೆ ಬಿಟ್ಟುಬಿಡಬೇಡಿ. ಸಿಲ್ಕಿ ಜೀನ್ ಅವುಗಳೊಳಗೆ ಅಡಗಿದೆ. ಕಾಲು ನೋಡಿ, ಸಿಲ್ಕಿಯ ಐದನೇ ಬೆರಳು ಸಾಮಾನ್ಯವಾಗಿ ಮೊದಲ ತಲೆಮಾರಿನಲ್ಲೇ ಕಾಣುತ್ತದೆ. ಬೆಳೆದ ಮೇಲೆ ಇನ್ನೊಂದು ಸಿಲ್ಕಿಗೆ ಜೋಡಿ ಮಾಡಿ. ಅಪ್ಪನಿಗೇ ಜೋಡಿ ಮಾಡುವುದು ಬೇಡ, ಮರಿಗಳು ಬಲಹೀನವಾಗಬಹುದು. ಬೇರೆ ಸಿಲ್ಕಿಗೆ ಜೋಡಿ ಮಾಡಿದರೆ ಸರಾಸರಿ ಅರ್ಧ ಮರಿಗಳಿಗೆ ರೇಷ್ಮೆ ಗರಿ ಬರುತ್ತದೆ. ಸಿಲ್ಕಿ ಹೇಂಟೆಗೆ ಕಾವು ಕೂರುವ ಗುಣ ಜಾಸ್ತಿ, ಮೊಟ್ಟೆ ಅವಳಡಿಯಲ್ಲೇ ಇಡಿ. ಸುಮಾರು 21 ದಿನಕ್ಕೆ ಮರಿಯಾಗುತ್ತವೆ.