ಗಟ್ಟಿಯಾದ ಮೊಯ್‌ಮೊಯ್, ಸಿಗದ ಎಲೆ, ಅಲಸಂದೆಯ ತವರು

ಪಶ್ಚಿಮ ಆಫ್ರಿಕಾದ ಅಡುಗೆ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಹೆಚ್ಚಿನವು ಮೊಯ್‌ಮೊಯ್ ಸುತ್ತಲೇ ಇವೆ. ಕೇಳಿರದವರಿಗೆ ಹೇಳುವುದಾದರೆ, ಸಿಪ್ಪೆ ತೆಗೆದ ಅಲಸಂದೆ ಕಾಳನ್ನು ಕೆಂಪು ಮೆಣಸು, ಈರುಳ್ಳಿ ಜೊತೆ ನುಣ್ಣಗೆ ರುಬ್ಬಿ, ಎಣ್ಣೆ ಬೆರೆಸಿ, ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ತಿಂಡಿ ಇದು. ನೈಜೀರಿಯಾದ ನೈರುತ್ಯ ಭಾಗದ ಯೊರುಬಾ ಜನರ ಮನೆಯಡುಗೆ. ಈಗ ದೇಶದ ತುಂಬ ಮಾಡುತ್ತಾರೆ. ಉತ್ತರದ ಹೌಸಾ ಜನ ಅಲಾಲೆ ಅನ್ನುತ್ತಾರೆ. ಘಾನಾದ ಉತ್ತರ ಭಾಗದಲ್ಲಿ ಟುಬಾನಿ ಅಂತ ಇಂಥದ್ದೇ ಒಂದಿದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೈಜೀರಿಯಾದ ಹುಡುಗಿಯರು ಓದಲು ಬಂದಿದ್ದಾರೆ. ಒಂದು ದಿನ ಮೊಯ್‌ಮೊಯ್ ಕೊಟ್ಟರು, ಬೆಣ್ಣೆಯ ಹಾಗಿತ್ತು. ನಾನೂ ಅಲಸಂದೆಯನ್ನು ರಾತ್ರಿಯಿಡೀ ನೆನೆಸಿ, ರುಬ್ಬಿ, ಇಡ್ಲಿ ತಟ್ಟೆಯಲ್ಲಿ ಬೇಯಿಸಿದೆ. ಒಣಗಿ ಗಟ್ಟಿಯಾಯಿತು, ಗಂಟಲಲ್ಲಿ ಇಳಿಯಲಿಲ್ಲ. ಎಲ್ಲಿ ತಪ್ಪಿದೆ? — ಬೆಂಗಳೂರಿನ ಓದುಗರು

ಇಡ್ಲಿ ತಟ್ಟೆ ಅಂದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಆ ತಟ್ಟೆಯ ಗುಳಿಯಲ್ಲಿ ನಿಲ್ಲಬೇಕು ಅಂದರೆ ಹಿಟ್ಟು ಗಟ್ಟಿ ಇರಲೇಬೇಕು. ಮೊಯ್‌ಮೊಯ್ ಹಿಟ್ಟು ಹಾಗಿರುವುದಿಲ್ಲ. ಸೌಟು ಎತ್ತಿದರೆ ಧಾರೆಯಾಗಿ ಸುರಿಯಬೇಕು. ಮೊದಲ ಸಲ ನೋಡಿದವರಿಗೆ "ಇಷ್ಟು ನೀರಾದದ್ದು ಗಟ್ಟಿಯಾಗುತ್ತಾ?" ಅಂತ ಭಯವಾಗುವಷ್ಟು. ಆಗುತ್ತದೆ. ಅಲಸಂದೆಯಲ್ಲಿ ಪಿಷ್ಟ ಜಾಸ್ತಿ, ಪ್ರೋಟೀನೂ ಸುಮಾರು ಕಾಲು ಭಾಗ ಇದೆ. ಬಿಸಿ ತಾಗಿದಾಗ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಪ್ರೋಟೀನು ಹೆಪ್ಪುಗಟ್ಟಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಕುಡಿಯಲು ನೀರೇ ಇಲ್ಲದಿದ್ದರೆ ನಿಮಗೆ ಆದ ಹಾಗೆ ಆಗುತ್ತದೆ.

ಇನ್ನು ಸಿಪ್ಪೆ. ನೀವು ಅದರ ಬಗ್ಗೆ ಏನೂ ಬರೆದಿಲ್ಲ. ತೆಗೆಯಲಿಲ್ಲ ಅಂತ ಕಾಣುತ್ತದೆ. ಈ ಅಡುಗೆಯಲ್ಲಿ ಬೇಸರದ ಕೆಲಸ ಅಂದರೆ ಇದೊಂದೇ, ಆದರೆ ಬಿಡುವ ಹಾಗಿಲ್ಲ. ಕಾಳನ್ನು ರಾತ್ರಿಯೇ ನೆನೆಹಾಕುವ ಅಗತ್ಯ ಇಲ್ಲ. ಹತ್ತು ಹದಿನೈದು ನಿಮಿಷ ಸಾಕು. ಸಿಪ್ಪೆ ನೀರು ಹೀರಿ ಸುಕ್ಕಾಗುತ್ತದೆ, ಒಳಗಿನ ಬೇಳೆ ಇನ್ನೂ ಗಟ್ಟಿ ಇರುತ್ತದೆ. ಆಗ ಎರಡು ಅಂಗೈ ನಡುವೆ ಇಟ್ಟು ಉಜ್ಜಿ. ಸಿಪ್ಪೆ ಜಾರುತ್ತದೆ. ಪಾತ್ರೆ ತುಂಬ ನೀರು ಹಾಕಿ ಕೈಯಾಡಿಸಿದರೆ ಸಿಪ್ಪೆ ಮೇಲೆ ತೇಲುತ್ತದೆ, ನೀರಿನ ಜೊತೆ ಬಗ್ಗಿಸಿಬಿಡಿ. ಐದಾರು ಸಲ ಹೀಗೆ ಮಾಡಿದ ಮೇಲೂ ಕಪ್ಪು ಕಣ್ಣಿನ ಕೆಲವು ಕಾಳು ಉಳಿದೇ ಇರುತ್ತವೆ, ಅವನ್ನು ಕೈಯಲ್ಲೇ ಆರಿಸಬೇಕು. ಮಿಕ್ಸಿಯಲ್ಲಿ ನೀರಿನ ಜೊತೆ ಹಾಕಿ ಒಂದೆರಡು ಸಲ ಗರ್ ಅನ್ನಿಸಿದರೆ ಕೆಲಸ ಬೇಗ ಆಗುತ್ತದೆ. ಲಾಗೋಸಿನ ಮನೆಗಳಲ್ಲೂ ಈಗ ಹೀಗೇ ಮಾಡುತ್ತಾರೆ. ಸಿಪ್ಪೆ ಹೋದ ಮೇಲೆ ಬೇಳೆಯನ್ನು ಮತ್ತೆ ಒಂದೆರಡು ಗಂಟೆ ನೆನೆಯಲು ಬಿಡಿ.

ರುಬ್ಬುವಾಗ ಒಂದು ಎಚ್ಚರ. ನುಚ್ಚಿನುಂಡೆ ಮಾಡಿದ ಕೈಗೆ ತರಿತರಿ ರುಬ್ಬುವ ಅಭ್ಯಾಸ ಇರುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ಬೆರಳ ನಡುವೆ ಉಜ್ಜಿದರೆ ಒಂದು ಕಣವೂ ಸಿಗಬಾರದು. 2 ಕಪ್ ಒಣ ಕಾಳಿಗೆ ಎರಡು ದೊಡ್ಡ ಕೆಂಪು ದಪ್ಪ ಮೆಣಸಿನಕಾಯಿ, ಒಂದು ದೊಡ್ಡ ಈರುಳ್ಳಿ, ರುಬ್ಬುವಾಗಿನದ್ದೂ ಸೇರಿ ಸುಮಾರು 2 ಕಪ್ ನೀರು. ಅಲ್ಲಿ ಖಾರಕ್ಕೆ ಹಾಕುವುದು ಅತಾ ರೊಡೊ ಅನ್ನುವ ಗುಂಡು ಮೆಣಸಿನಕಾಯಿ. ನೋಡಲು ಚಿಕ್ಕದು, ಖಾರ ಮಾತ್ರ ವಿಪರೀತ. ಇಲ್ಲಿ ಸಿಗದಿದ್ದರೆ ಹಸಿಮೆಣಸಿನಕಾಯಿ ಹಾಕಿ. ಬಣ್ಣ ಸಾಲದು ಅನ್ನಿಸಿದರೆ ಎರಡು ಬ್ಯಾಡಗಿ ನೆನೆಸಿ ರುಬ್ಬಿ. ಯೊರುಬಾ ಅಜ್ಜಿಯರು ಒಪ್ಪುತ್ತಾರೋ ಇಲ್ಲವೋ, ರುಚಿ ಕೆಡುವುದಿಲ್ಲ.

ಮೂರನೆಯದು ಎಣ್ಣೆ. ಡಯೆಟ್ ನೆಪದಲ್ಲಿ ಒಂದು ಚಮಚಕ್ಕೆ ಇಳಿಸಬೇಡಿ. ಈ ಅಳತೆಗೆ ಅರ್ಧ ಕಪ್ಪಿಗಿಂತ ಸ್ವಲ್ಪ ಕಡಿಮೆ ಬೇಕು. ಬೆಂದ ಮೇಲೆ ಬೆಣ್ಣೆಯ ಹಾಗಿರುವುದು ಅದರಿಂದಲೇ. ಅಲ್ಲಿ ಕೆಲವರು ಕೆಂಪು ತಾಳೆ ಎಣ್ಣೆ ಹಾಕುತ್ತಾರೆ. ಅದು ಹಣ್ಣಿನ ಬಣ್ಣ, ವಾಸನೆ ಹಾಗೇ ಉಳಿದ ಎಣ್ಣೆ. ನಮ್ಮ ಅಂಗಡಿಯ ಪಾಮೊಲಿನ್ ಅಲ್ಲ. ಇಲ್ಲದಿದ್ದರೆ ಶೇಂಗಾ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಆಗುತ್ತದೆ.

ಹಿಟ್ಟನ್ನು ಹುದುಗು ಬರಿಸುವುದಿಲ್ಲ, ಸೋಡಾನೂ ಹಾಕುವುದಿಲ್ಲ. ಹಗುರಾಗಬೇಕಾದರೆ ಮರದ ಸೌಟಿನಿಂದಲೋ ಕೈಯಿಂದಲೋ ಐದು ನಿಮಿಷ ಒಂದೇ ದಿಕ್ಕಿಗೆ ಚೆನ್ನಾಗಿ ಕಲಸಬೇಕು. ಆಳವಾದ ಸ್ಟೀಲ್ ಬಟ್ಟಲಿಗೆ ಎಣ್ಣೆ ಸವರಿ, ಮುಕ್ಕಾಲು ಭಾಗ ತುಂಬಿಸಿ, ಮುಚ್ಚಿ, 45 ನಿಮಿಷದಿಂದ ಒಂದು ಗಂಟೆ ಹಬೆಯಲ್ಲಿಡಿ. ನೀರು ಕಡಿಮೆಯಾದರೆ ಕುದಿಯುವ ನೀರನ್ನೇ ಪಕ್ಕದಿಂದ ಸೇರಿಸಿ. ಚಾಕು ಚುಚ್ಚಿದರೆ ಶುಭ್ರವಾಗಿ ಬರಬೇಕು. ಇಳಿಸಿದ ಕೂಡಲೇ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಲೆಗಿಡಬೇಡಿ. ಹತ್ತು ಹದಿನೈದು ನಿಮಿಷ ಆರಲು ಬಿಡಿ, ಆಗ ಗಟ್ಟಿಯಾಗುತ್ತದೆ.

ಇಷ್ಟೆಲ್ಲ ಬರೆದೆ. ಆದರೂ ಆ ಹುಡುಗಿಯರನ್ನು ಒಂದು ಶನಿವಾರ ಅಡುಗೆಮನೆಗೆ ಕರೆದು ಕೇಳಿಬಿಡಿ. ಹಿಟ್ಟಿನ ಹದ ಕಣ್ಣಲ್ಲಿ ನೋಡಿ ಕಲಿಯುವುದೇ ಸುಲಭ.

ಬಾಳೆ ಎಲೆಯಲ್ಲಿ ಕಟ್ಟಬಹುದಾ? ಇಂಟರ್‌ನೆಟ್ಟಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೇಯಿಸುವುದನ್ನೂ ನೋಡಿದೆ. — ಶಿವಮೊಗ್ಗದ ಓದುಗರು

ಕಟ್ಟಬಹುದು. ಆದರೆ ಅಲ್ಲಿಯ ಎಲೆ ಬೇರೆ. ಯೊರುಬಾ ಜನ ಎವೆ ಎರಾನ್ ಅನ್ನುತ್ತಾರೆ, ಸಸ್ಯಶಾಸ್ತ್ರದವರು ತೌಮಟೊಕಾಕಸ್ ಡೇನಿಯೆಲ್ಲಿ. ಮಳೆಕಾಡಿನ ಮರಗಳ ನೆರಳಲ್ಲಿ ಬೆಳೆಯುವ ಗಿಡ, ಉದ್ದ ದಂಟಿನ ತುದಿಗೆ ಒಂದೇ ಅಗಲ ಎಲೆ. ಇದೇ ಗಿಡದ ಕೆಂಪು ಹಣ್ಣಿನಲ್ಲಿ ತೌಮಟಿನ್ ಎಂಬ ಪ್ರೋಟೀನ್ ಇದೆ. ತೂಕಕ್ಕೆ ತೂಕ ಹೋಲಿಸಿದರೆ ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿ. ಅದನ್ನು ಆಹಾರ ಉದ್ಯಮದಲ್ಲಿ ಬಳಸುತ್ತಾರೆ. ಎಲೆಯಲ್ಲಿ ಆ ಸಿಹಿ ಇರುವುದಿಲ್ಲ, ಒಂದು ಹಸಿರು ಪರಿಮಳ ಇರುತ್ತದೆ.

ಕಟ್ಟುವ ರೀತಿ ನೋಡಲು ಚೆಂದ. ಎಲೆಯನ್ನು ಶಂಕುವಿನ ಆಕಾರಕ್ಕೆ ಸುತ್ತಿ, ಚೂಪು ತುದಿಯನ್ನು ಹಿಂದಕ್ಕೆ ಮಡಚಿ, ಒಂದೇ ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಹಿಟ್ಟು ಸುರಿಯುತ್ತಾರೆ. ಮೇಲಿನ ಬಾಯಿಯನ್ನೂ ಮಡಚುತ್ತಾರೆ. ದಾರ ಇಲ್ಲ, ಕಡ್ಡಿ ಇಲ್ಲ. ಕತ್ತರಿಸಿದ ದಂಟುಗಳನ್ನು ಎಸೆಯುವುದಿಲ್ಲ. ಪಾತ್ರೆಯ ತಳಕ್ಕೆ ಅಡ್ಡಡ್ಡ ಹಾಸಿ, ಅದರ ಮೇಲೆ ಪೊಟ್ಟಣಗಳನ್ನು ಒಂದಕ್ಕೊಂದು ಒರಗಿಸಿ ಇಡುತ್ತಾರೆ. ಕೆಳಗಿನ ನೀರು ಹಿಟ್ಟಿಗೆ ತಾಗದಂತೆ ದಂಟೇ ತಡೆಯುತ್ತದೆ.

ಬಾಳೆ ಎಲೆ ನಾರಿನ ಗುಂಟ ಸೀಳುತ್ತದೆ, ಅದೇ ತೊಂದರೆ. ನಡುವಿನ ದಿಂಡು ತೆಗೆದು, ಬೆಂಕಿಯ ಮೇಲೆ ಬಾಡಿಸಿ, ಎರಡು ಪದರವನ್ನು ಅಡ್ಡ-ಉದ್ದ ಇಟ್ಟು ಸುತ್ತಿ. ಮೊದಮೊದಲು ಸೋರುತ್ತದೆ, ಹಾಗಾಗಿ ಎಲೆಯನ್ನು ಬಟ್ಟಲಿನೊಳಗೆ ಹಾಸಿ ಹಿಟ್ಟು ಸುರಿಯುವುದು ಕ್ಷೇಮ. ನೈಜೀರಿಯಾದಲ್ಲೂ ಬಾಳೆ ಎಲೆ ಹೊಸದಲ್ಲ. ಎನುಗು ಕಡೆ ಬಂಬಾರಾ ನೆಲಗಡಲೆ ಹಿಟ್ಟಿನಿಂದ ಮಾಡುವ ಒಕ್ಪಾವನ್ನು ಬಾಳೆ ಎಲೆಯಲ್ಲೇ ಕಟ್ಟಿ, ಬಿಸಿ ಬಿಸಿ ಬಸ್ಸು ಕಾಯುವವರಿಗೆ ಮಾರುತ್ತಾರೆ.

ಪ್ಲಾಸ್ಟಿಕ್ ಚೀಲ ಬೇಡ. ಅಲ್ಲಿ ಎಲೆ ದುಬಾರಿಯಾದ ಮೇಲೆ ಹಾಲಿನ ಡಬ್ಬಿ, ಆಮೇಲೆ ಅಲ್ಯೂಮಿನಿಯಂ ಹಾಳೆ, ಆಮೇಲೆ ತೆಳು ಪ್ಲಾಸ್ಟಿಕ್ ಚೀಲ ಬಂದವು, ನಿಜ. ಆದರೆ ಎಣ್ಣೆ ಇರುವ ಹಿಟ್ಟನ್ನು ಯಾವುದೋ ಗೊತ್ತಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಒಂದು ಗಂಟೆ ಬಿಸಿ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ಬಟ್ಟಲು ಇದೆಯಲ್ಲ.

ಗಂಡನ ಕೆಲಸಕ್ಕಾಗಿ ಲಾಗೋಸಿಗೆ ಬಂದಿದ್ದೇವೆ. ಪಕ್ಕದ ಮನೆಯವರು ಪಾರ್ಟಿಗೆ ಕರೆದಿದ್ದಾರೆ. ಮೊಯ್‌ಮೊಯ್ ಬೀನ್ಸ್‌ದು, ನೀವೂ ತಿನ್ನಬಹುದು ಅಂದರು. ನಾವು ಶುದ್ಧ ಸಸ್ಯಾಹಾರಿಗಳು. ತಿನ್ನಬಹುದಾ? ಏನಾದರೂ ತೆಗೆದುಕೊಂಡು ಹೋಗಬೇಕಾ? — ಲಾಗೋಸಿನಿಂದ ಓದುಗರು

ಮೊದಲು ತಟ್ಟೆಯ ವಿಷಯ. ಪಾರ್ಟಿಯ ಮೊಯ್‌ಮೊಯ್‌ನಲ್ಲಿ ಬೇಯಿಸಿದ ಮೊಟ್ಟೆಯ ಹೋಳು, ಮೀನು, ಕೆಲವೊಮ್ಮೆ ಡಬ್ಬಿಯ ದನದ ಮಾಂಸ ಇರುತ್ತದೆ. ಇವು ಕಣ್ಣಿಗೆ ಕಾಣುತ್ತವೆ. ಕಾಣದೇ ಇರುವುದು ಕ್ರೇಫಿಶ್ ಪುಡಿ. ಒಣಗಿಸಿದ ಪುಟ್ಟ ಸೀಗಡಿಯ ಪುಡಿ ಅದು, ಹಿಟ್ಟಿನಲ್ಲೇ ಬೆರೆತಿರುತ್ತದೆ. ನೀರಿನ ಬದಲು ಮಾಂಸ ಬೇಯಿಸಿದ ರಸ ಹಾಕುವುದೂ ಸಾಮಾನ್ಯ. ಅವರು ನಿಮಗೆ ಸುಳ್ಳು ಹೇಳಿಲ್ಲ. ಅವರ ಲೆಕ್ಕದಲ್ಲಿ ಅದು ಮಸಾಲೆ, ಮಾಂಸ ಅಲ್ಲ. ಹಾಗಾಗಿ "ಸಸ್ಯಾಹಾರಿ" ಅಂದರೆ ಸಾಲದು. ಕ್ರೇಫಿಶ್ ಬೇಡ, ಮೀನು ಬೇಡ, ಮಾಂಸದ ರಸ ಬೇಡ, ಮಸಾಲೆ ಕ್ಯೂಬ್ ಬೇಡ ಅಂತ ಒಂದೊಂದೇ ಹೆಸರು ಹೇಳಿ. ಎರಡು ದಿನ ಮುಂಚೆ ಹೇಳಿ. ಪಾರ್ಟಿ ದಿನ ದೊಡ್ಡ ಹಂಡೆಯಲ್ಲಿ ಕಲಸಿ ಆಗಿರುತ್ತದೆ.

ಮೊಯ್‌ಮೊಯ್ ಎಲೆಮಿ ಮೇಜೆ ಅಂತ ಕೇಳಿದರೆ ನಯವಾಗಿ ದೂರ ಇರಿ. ಏಳು ಜೀವದ ಮೊಯ್‌ಮೊಯ್ ಅಂತ ಅದರ ಅರ್ಥ. ಒಳಗೆ ಮೊಟ್ಟೆ, ಮೀನು, ಸೀಗಡಿ ಅಂತ ಬಗೆಬಗೆಯ ಪದಾರ್ಥ ತುಂಬಿಸಿ ಮನೆಯವರು ತಮ್ಮ ಧಾರಾಳತನ ತೋರಿಸುವ ತಿಂಡಿ.

ನಿಮಗೆ ಹೇಳಿ ಮಾಡಿಸಿದ್ದು ಎಕುರು. ಅದೇ ಬೇಳೆ, ಅದೇ ಎಲೆ. ಹಿಟ್ಟಿಗೆ ಮೆಣಸು, ಎಣ್ಣೆ, ಮೀನು ಏನೂ ಬೀಳುವುದಿಲ್ಲ. ಕಡಿಮೆ ನೀರಿನಲ್ಲಿ ರುಬ್ಬಿ, ನೊರೆ ಬರುವವರೆಗೆ ಕಲಸಿ, ಬೆಳ್ಳಗೆ ಬೇಯಿಸುತ್ತಾರೆ. ಪಕ್ಕದಲ್ಲಿ ಎಣ್ಣೆಯಲ್ಲಿ ಹುರಿದ ಮೆಣಸಿನ ಗೊಜ್ಜು ಇರುತ್ತದೆ, ಪುಡಿಮಾಡಿ ಕಲಸಿ ತಿನ್ನುವುದು. ಗೊಜ್ಜಿನಲ್ಲಿ ಕ್ರೇಫಿಶ್ ಇದೆಯಾ ಅಂತ ಮಾತ್ರ ಕೇಳಿ.

ಪಾರ್ಟಿ ಬಗ್ಗೆ ಹೆದರುವುದು ಏನೂ ಇಲ್ಲ. ಜೊಲೊಫ್ ಅನ್ನದ ಪಕ್ಕ ಮೊಯ್‌ಮೊಯ್ ಇರಲೇಬೇಕು, ಇಲ್ಲದಿದ್ದರೆ ಅತಿಥಿಗಳು ಮಾತಾಡಿಕೊಳ್ಳುತ್ತಾರೆ. ಅತಿಥಿಗಳಿಗೆ ಮನೆಯವರ ಹೆಸರು ಅಚ್ಚು ಹಾಕಿದ ಬಟ್ಟಲೋ ಬಕೆಟ್ಟೋ ಉಡುಗೊರೆಯಾಗಿ ಕೊಡುವ ರೂಢಿಯಿದೆ. ಬೇಡ ಅನ್ನಬೇಡಿ. ಏನನ್ನೇ ಕೊಡುವಾಗ, ತೆಗೆದುಕೊಳ್ಳುವಾಗ ಬಲಗೈಯನ್ನೇ ಮುಂದೆ ಮಾಡಿ. ಈ ವಿಷಯದಲ್ಲಿ ಯೊರುಬಾ ಹಿರಿಯರು ನಮ್ಮವರಷ್ಟೇ ಕಟ್ಟುನಿಟ್ಟು. ನೀವು ಒಂದು ಡಬ್ಬಿ ಸಿಹಿ ತೆಗೆದುಕೊಂಡು ಹೋದರೆ ಖುಷಿಪಡುತ್ತಾರೆ.

ಪಾರ್ಟಿ ಇಲ್ಲದ ದಿನವೂ ಅಲಸಂದೆ ಹಿಟ್ಟು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತದೆ. ಇದೇ ಹಿಟ್ಟನ್ನು ಗಟ್ಟಿಯಾಗಿ ರುಬ್ಬಿ ಕರಿದರೆ ಅಕರಾ. ತುಂಬು ಬಾಳು ಬಾಳಿ ಹೋದ ಹಿರಿಯರ ಹೆಸರಲ್ಲಿ ಅಕರಾ ಕರಿದು ಅಕ್ಕಪಕ್ಕದವರಿಗೆ ಹಂಚುವ ಪದ್ಧತಿ ಯೊರುಬಾ ಜನರಲ್ಲಿದೆ. ಶನಿವಾರ ಬೆಳಗ್ಗೆ ಅಕರಾ ಇಲ್ಲವೇ ಮೊಯ್‌ಮೊಯ್, ಜೊತೆಗೆ ಜೋಳ ಹುಳಿಬರಿಸಿ ಮಾಡಿದ ಓಗಿ ಗಂಜಿ ಅನೇಕ ಮನೆಗಳ ತಿಂಡಿ. ಅದನ್ನು ಯಾರಾದರೂ ಕಳಿಸಿದರೆ ಪಾತ್ರೆ ಖಾಲಿ ವಾಪಸು ಕಳಿಸಬೇಡಿ. ಇದು ನನ್ನ ಸಲಹೆ, ಅವರ ಕಾನೂನು ಅಲ್ಲ.

ಅಲಸಂದೆ ನಮ್ಮದೇ ಕಾಳು, ನಮ್ಮಿಂದ ಆಫ್ರಿಕಾಕ್ಕೆ ಹೋಗಿರಬೇಕು ಅಲ್ವಾ? ಹಳಿಯಾಳ, ಯಲ್ಲಾಪುರದ ಸಿದ್ದಿಗಳಲ್ಲಿ ಮೊಯ್‌ಮೊಯ್ ಉಳಿದಿದೆಯಾ? — ಹುಬ್ಬಳ್ಳಿಯ ಓದುಗರು

ಉಲ್ಟಾ. ಅಲಸಂದೆ ಆಫ್ರಿಕಾದಲ್ಲಿ ಹುಟ್ಟಿ ನಮ್ಮಲ್ಲಿಗೆ ಬಂದದ್ದು. ಘಾನಾದ ನಡುಭಾಗದಲ್ಲಿ, ಕಿಂಟಾಂಪೊ ಸಂಸ್ಕೃತಿಯ ನೆಲೆಗಳಲ್ಲಿ, ಸುಮಾರು 3,500 ವರ್ಷಕ್ಕೂ ಹಿಂದಿನ ಸುಟ್ಟ ಅಲಸಂದೆ ಕಾಳು ಸಿಕ್ಕಿವೆ. ಭಾರತಕ್ಕೂ ಅದು ಬಹಳ ಹಿಂದೆಯೇ, ಕ್ರಿಸ್ತಪೂರ್ವ ಕಾಲದಲ್ಲೇ ಮುಟ್ಟಿತು. ಅದೊಂದೇ ಅಲ್ಲ. ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನದು, ಜೋಳ ಸುಡಾನ್ ಕಡೆಯದು, ಸಜ್ಜೆ ಸಹಾರಾದ ದಕ್ಷಿಣ ಅಂಚಿನದು. ಹಳೇ ಮೈಸೂರಿನ ಮುದ್ದೆ, ನಿಮ್ಮ ಕಡೆಯ ಜೋಳದ ರೊಟ್ಟಿ ಎರಡರ ಬೀಜವೂ ಕಡಲು ದಾಟಿ ಬಂದದ್ದೇ. ನಾವು ಕೂಡಿಸಿದ್ದೂ ಇದೆ. ಗಜದುದ್ದದ ಎಳೆ ಅಲಸಂದೆ ಕಾಯಿ ಇದೆಯಲ್ಲ, ಆ ತಳಿ ಏಷ್ಯಾದ ರೈತರ ಕೈಯಲ್ಲಿ ಆದದ್ದು. ಒಣಕಾಳಿನ ವಿಷಯದಲ್ಲಿ ಮಾತ್ರ ಇವತ್ತಿಗೂ ಜಗತ್ತಿನಲ್ಲೇ ಹೆಚ್ಚು ಬೆಳೆಯುವವರಲ್ಲಿ ನೈಜೀರಿಯಾ ಮುಂಚೂಣಿಯಲ್ಲಿದೆ. ಮೊಯ್‌ಮೊಯ್‌ನ ಕೆಂಪು ಮೆಣಸು ಅಮೆರಿಕ ಖಂಡದ್ದು, 1492ರ ನಂತರ ಅಲ್ಲಿಗೂ ಬಂತು, ನಮ್ಮಲ್ಲಿಗೂ ಬಂತು.

ಸಿದ್ದಿಗಳ ಪ್ರಶ್ನೆ ಅನೇಕರು ಕೇಳುತ್ತಾರೆ. ಆಫ್ರಿಕಾ ಒಂದು ದೇಶ ಅಲ್ಲ, ಖಂಡ. ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೂರ್ವ ಮತ್ತು ಆಗ್ನೇಯ ಆಫ್ರಿಕಾದಿಂದ, ಅರಬ್ ಮತ್ತು ಪೋರ್ಚುಗೀಸ್ ಹಡಗುಗಳಲ್ಲಿ ಬಂದವರು. ಯೊರುಬಾ ನಾಡು ಇರುವುದು ಖಂಡದ ಇನ್ನೊಂದು ಕಡೆ. ಹಾಗಾಗಿ ಮೊಯ್‌ಮೊಯ್‌ಗೂ ಅವರಿಗೂ ಸಂಬಂಧ ಕಟ್ಟುವುದು ಸುಮ್ನೆ ಊಹೆ ಆಗುತ್ತದೆ.

ನಿಜವಾಗಿ ಈ ಅಡುಗೆ ದಾಟಿದ್ದು ಅಟ್ಲಾಂಟಿಕ್ ಸಾಗರವನ್ನು. ಗುಲಾಮರಾಗಿ ಬ್ರೆಜಿಲ್‌ನ ಬಾಹಿಯಾಕ್ಕೆ ಸಾಗಿಸಲ್ಪಟ್ಟ ಯೊರುಬಾ ಜನ ಇದನ್ನು ಬಿಡಲಿಲ್ಲ. ಸಾಲ್ವಡೋರ್ ನಗರದ ಬೀದಿಯಲ್ಲಿ ಬಿಳಿ ಲಂಗ, ತಲೆಗೆ ಬಿಳಿ ಬಟ್ಟೆ ಸುತ್ತಿದ ಹೆಂಗಸರು ಅಕರಾಜೆ ಮತ್ತು ಅಬರಾ ಮಾರುತ್ತಾರೆ. ಎರಡೂ ಅಲಸಂದೆ ಹಿಟ್ಟೇ. ಅಕರಾಜೆ ಕೆಂಪು ತಾಳೆ ಎಣ್ಣೆಯಲ್ಲಿ ಕರಿದದ್ದು. ಅಬರಾ ಬಾಳೆ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಆಫ್ರಿಕಾ ಮೂಲದವರು ಬ್ರೆಜಿಲ್‌ನಲ್ಲಿ ಬೆಳೆಸಿದ ಕಾಂದೊಂಬ್ಲೆ ಧರ್ಮದಲ್ಲಿ ಅಕರಾಜೆ ಬಿರುಗಾಳಿಯ ದೇವತೆ ಇಯಾನ್ಸಾಗೆ ನೈವೇದ್ಯವೂ ಹೌದು. 2005ರಲ್ಲಿ ಬ್ರೆಜಿಲ್ ಸರ್ಕಾರ ಈ ಹೆಂಗಸರ ಕಸುಬನ್ನು ರಾಷ್ಟ್ರೀಯ ಪರಂಪರೆ ಅಂತ ದಾಖಲಿಸಿತು. ಅಷ್ಟಾದರೂ 2014ರ ವಿಶ್ವಕಪ್ ಫುಟ್‌ಬಾಲ್ ಹತ್ತಿರ ಬಂದಾಗ ಕ್ರೀಡಾಂಗಣದ ಬಳಿ ಮಾರಲು ಅವಕಾಶಕ್ಕಾಗಿ ಅವರು ಹೋರಾಡಬೇಕಾಯಿತು. ಕೊನೆಗೆ ಅವಕಾಶ ಸಿಕ್ಕಿತು.

ಅಲಸಂದೆ ತಿಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹೊಟ್ಟೆ ಉಬ್ಬರ. ಮೊಯ್‌ಮೊಯ್ ಉಳಿದರೆ ಇಡಬಹುದಾ? — ಮೈಸೂರಿನ ಓದುಗರು

ಉಬ್ಬರಕ್ಕೆ ಕಾರಣ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು. ಅವನ್ನು ನಮ್ಮ ಸಣ್ಣ ಕರುಳು ಅರಗಿಸಲಾರದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದು ಗ್ಯಾಸ್ ಮಾಡುತ್ತವೆ. ನೆನೆಸಿದ ನೀರು ಚೆಲ್ಲಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ರಾತ್ರಿ ಊಟಕ್ಕೆ ಮಾಡಬೇಡಿ, ಮೊದಲ ಸಲ ಒಂದೇ ತಿನ್ನಿ. ಉಳಿದದ್ದನ್ನು ಅದೇ ದಿನ ಫ್ರಿಜ್ಜಿಗೆ ಹಾಕಿ, ಎರಡು ಮೂರು ದಿನದೊಳಗೆ ಮುಗಿಸಿ. ಫ್ರೀಜರಿನಲ್ಲಿ ಒಂದು ತಿಂಗಳು ಇಟ್ಟರೂ ರುಚಿ ಹೋಗುವುದಿಲ್ಲ. ಮತ್ತೆ ಹಬೆಯಲ್ಲೇ ಬಿಸಿ ಮಾಡಿ. ಇಲ್ಲವೇ ತಣ್ಣಗಿರುವಾಗಲೇ ಬಿಲ್ಲೆ ಕತ್ತರಿಸಿ ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಹುರಿದು ಬ್ರೆಡ್ಡಿನ ನಡುವೆ ಇಟ್ಟು ತಿನ್ನಿ.