ಬಾಗಿಲಲ್ಲಿ ಕೂಗುವ ಹುಡುಗ ಬೇಕೇ?

ದಾವಣಗೆರೆಯಲ್ಲಿ ಹೊಸದಾಗಿ ಸೀರೆ ಅಂಗಡಿ ಇಟ್ಟಿದ್ದೀರಿ, ಚಿಕ್ಕಪೇಟೆಯವರಂತೆ ಬಾಗಿಲಲ್ಲಿ ಹುಡುಗನನ್ನು ನಿಲ್ಲಿಸಿ ಗಿರಾಕಿಗಳನ್ನು ಕರೆಸಬೇಕೇ ಎಂದು ಕೇಳಿದ್ದೀರಿ. ಬೇಡ ಎನ್ನುತ್ತೇನೆ. ಬೆಂಗಳೂರಿನ ಆ ಓಣಿಗಳಲ್ಲಿ ಮಹಡಿಯ ಮೇಲೂ ಅಂಗಡಿಗಳಿವೆ. "ಬನ್ನಿ ಅಕ್ಕಾ" ಎಂದು ಕರೆಯದಿದ್ದರೆ ಮೆಟ್ಟಿಲು ಹತ್ತುವವರಿಲ್ಲ. ನಿಮ್ಮದು ರಸ್ತೆಗೇ ಮುಖ ಮಾಡಿದೆಯಲ್ಲ!

ಅವರಿಂದ ಕಲಿಯಬೇಕಾದದ್ದು ಅಂಗಡಿಯ ಒಳಗಿದೆ. ತಂಗಿಯ ಮದುವೆಗೆ ಜವಳಿ ತೆಗೆಯಲು ಹೋದಾಗ, ಬಿಳಿ ಹಾಸಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು "ಎಷ್ಟರದ್ದು ಬೇಕು" ಎನ್ನದೆ "ಯಾರಿಗಮ್ಮಾ?" ಎಂದು ಕೇಳಿದರು. ಅಜ್ಜಿಗೆ ಎಂದಾಗ ಇಳಕಲ್ ಸೀರೆ ತೆಗೆದರು. ಸೆರಗನ್ನು ತಿರುಗಿಸಿ, ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಸೇರಿಸಿದ ಜಾಗವನ್ನು ಬೆರಳಿಟ್ಟು ತೋರಿಸಿದರು. ಮಾತು ಕಡಿಮೆ, ಕೈ ಜಾಸ್ತಿ. ಇಪ್ಪತ್ತು ಸೀರೆ ಬಿಚ್ಚಿಸಿ ನಾವು ಬರಿಗೈಯಲ್ಲಿ ಎದ್ದರೂ ಮುಖ ಸಿಂಡರಿಸಲಿಲ್ಲ. "ನಾಲ್ಕು ಕಡೆ ನೋಡಿ ಬನ್ನಿ, ಇದನ್ನು ಸಂಜೆಯವರೆಗೆ ತೆಗೆದಿಟ್ಟಿರುತ್ತೇನೆ" ಎಂದರು. ಸಂಜೆ ಅಲ್ಲಿಗೇ ಹೋದೆವು, ಆರು ಸೀರೆ ಕೊಂಡೆವು.

ಪಕ್ಕದ ಓಣಿಯಲ್ಲಿ ಇನ್ನೊಬ್ಬರು "ಇನ್ನೂ ಬೋಣಿಯಾಗಿಲ್ಲ" ಎಂದು ದಾರಿಗೆ ಅಡ್ಡ ನಿಂತು ಒಂದನ್ನು ಕಟ್ಟಿಯೇ ಬಿಟ್ಟರು. ಆ ಸೀರೆಯನ್ನು ಮನೆಯಲ್ಲಿ ಯಾರೂ ಉಟ್ಟಿಲ್ಲ, ಆ ಅಂಗಡಿಯತ್ತ ಮತ್ತೆ ತಲೆ ಹಾಕಿಲ್ಲ.

ಹುಡುಗನನ್ನು ಇಟ್ಟುಕೊಳ್ಳುವುದೇ ಆದರೆ ಸೀರೆ ಮಡಚಲು ಕೂರಿಸಿ. ಬಿಚ್ಚಿದ್ದನ್ನು ಮಡಚುವವರಿದ್ದರೆ ನಿಮಗೂ ಇನ್ನೊಂದನ್ನು ಬಿಚ್ಚಲು ಬೇಸರವಾಗುವುದಿಲ್ಲ.