ಅಣುವಿಗೆ ಬುದ್ಧಿ ಬೇಡ, ಲೆಕ್ಕ ಕೊಡಿ

ಪ್ರಿಯರೇ,

‘ಬುದ್ಧಿವಂತ ಅಣುಗಳು: ನಾಳೆಯ ಔಷಧ’ ಎಂಬ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ತಾವೇ ತಾವಾಗಿ ಮೈಸೆಲ್ ಎಂಬ ಸಣ್ಣ ಉಂಡೆಯಾಗಿ ಕೂಡಿಕೊಂಡು ಔಷಧ ಹೊತ್ತು, ಸುತ್ತಲಿನ ಸ್ಥಿತಿ ಬದಲಾದಾಗ ಬಿಚ್ಚಿಕೊಳ್ಳುವ ಅಣುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಹುಬ್ಬಳ್ಳಿಯ ಕೀಮೋ ವಾರ್ಡಿನಿಂದ ಶುರು ಮಾಡಿದ್ದು ಚಲೋ ಆಗಿದೆ, ಭಾಷೆಯೂ ತಿಳಿಯಾಗಿದೆ. ಆದರೆ ಇದ್ದ ಹಾಗೆಯೇ ನಮ್ಮ ಮಾಸಿಕದಲ್ಲಿ ಹಾಕಲಾರೆ. ಎರಡು ಜಾಗ ನನ್ನನ್ನು ಬಿಡದೆ ಕಾಡಿವೆ.

ಮೊದಲನೆಯದು ಎರಡನೇ ಪುಟದ ಸಾಲು: ‘ಈ ಅಣುಗಳು ಗಡ್ಡೆಯ ತೀವ್ರ ಆಮ್ಲೀಯ ವಾತಾವರಣವನ್ನು ಗುರುತಿಸಿ, ಅಲ್ಲಿ ಮಾತ್ರ ಔಷಧ ಬಿಡುತ್ತವೆ.’ ‘ತೀವ್ರ’, ‘ಗುರುತಿಸಿ’, ‘ಮಾತ್ರ’, ಮೂರೂ ತಪ್ಪು.

‘ತೀವ್ರ’ ಎಂದಾಗ ಓದುಗರಿಗೆ ನಿಂಬೆರಸ ನೆನಪಾಗುತ್ತದೆ. ಅದರ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 2ರ ಆಸುಪಾಸು. ರಕ್ತದ್ದು 7.4. ಬಹಳಷ್ಟು ಕ್ಯಾನ್ಸರ್ ಗಡ್ಡೆಗಳ ಸುತ್ತಲಿನ ದ್ರವದ್ದು 6.5ರಿಂದ 6.9. ಪಿಎಚ್ 7.4ರಿಂದ 6.8ಕ್ಕೆ ಇಳಿದರೆ ಆಮ್ಲೀಯತೆ ತರುವ ಪ್ರೋಟಾನುಗಳ (ಹೈಡ್ರೋಜನ್ ಅಯಾನುಗಳ) ಸಾಂದ್ರತೆ ಹೆಚ್ಚುವುದು ನಾಲ್ಕು ಪಟ್ಟು, ಅಷ್ಟೇ. ಜೀವಕೋಶ ನುಂಗಿದ್ದೆಲ್ಲ ಹೋಗಿ ಸೇರುವ ಲೈಸೋಸೋಮಿನ ಪಿಎಚ್ 4.5ರಿಂದ 5, ಅಲ್ಲಿ ಮಾತ್ರ ವ್ಯತ್ಯಾಸ 250 ಪಟ್ಟು ದಾಟುತ್ತದೆ. ನಾಲ್ಕು ಪಟ್ಟಿನ ವ್ಯತ್ಯಾಸಕ್ಕೆ ಬಿಚ್ಚಿಕೊಳ್ಳುವ, ಅದಕ್ಕಿಂತ ಮೊದಲು ಬಿಚ್ಚಿಕೊಳ್ಳದ ಅಣು ಕಟ್ಟುವುದು ಎಷ್ಟು ಕಷ್ಟ ಎಂಬುದೇ ಈ ವಿಷಯದ ಜೀವಾಳ. ನಿಮ್ಮ ‘ತೀವ್ರ’ ಅದನ್ನು ಅಳಿಸಿಬಿಟ್ಟಿದೆ.

ಇನ್ನು ‘ಗುರುತಿಸಿ’. ಅರಿಯುತ್ತವೆ, ಕಾಯುತ್ತವೆ, ನಿರ್ಧರಿಸುತ್ತವೆ ಎಂದು ಲೇಖನದ ತುಂಬ ಬರೆದಿದ್ದೀರಿ. ಪ್ರೋಟಾನಿನ ಹೆಸರು ಒಂದು ಕಡೆಯೂ ಇಲ್ಲ. ಕೆಲಸ ಮಾಡುವುದು ಅದೇ. ಅಣುವಿನ ನೀರೊಲ್ಲದ ತುದಿಯಲ್ಲಿ ಪಿಕೆಎ 6.5 ಇರುವ, ಅಂದರೆ ಪಿಎಚ್ 6.5ರಲ್ಲಿ ಅರ್ಧದಷ್ಟು ಪ್ರೋಟಾನು ಹಿಡಿಯುವ, ಅಮೀನ್ ಎಂಬ ಸಾರಜನಕದ ಗುಂಪುಗಳಿವೆ ಎಂದಿಟ್ಟುಕೊಳ್ಳಿ. ಪಿಎಚ್ 7.4ರಲ್ಲಿ ನೂರರಲ್ಲಿ 11 ಗುಂಪುಗಳು ಪ್ರೋಟಾನು ಹಿಡಿದಿರುತ್ತವೆ. ಉಳಿದ 89ಕ್ಕೆ ಆವೇಶವಿಲ್ಲ. ನೀರಿನಿಂದ ತಪ್ಪಿಸಿಕೊಂಡು, ಔಷಧವನ್ನು ಒಳಗಿಟ್ಟುಕೊಂಡು ಒತ್ತಾಗಿ ಕೂತಿರುತ್ತವೆ. 6.8ಕ್ಕೆ ಬಂದಾಗ ಪ್ರೋಟಾನು ಹಿಡಿದವು 33. ಕೋಶದೊಳಗೆ ಲೈಸೋಸೋಮಿನ ದಾರಿಯಲ್ಲಿ 5.5ಕ್ಕೆ ಬಂದಾಗ 91. ಧನಾವೇಶ ಬಂದ ಗುಂಪು ನೀರಿಗೆ ಒಲಿಯುತ್ತದೆ, ಪಕ್ಕದ ಗುಂಪನ್ನು ದೂಡುತ್ತದೆ, ಉಂಡೆ ಸಡಿಲಾಗಿ ಬಿಚ್ಚುತ್ತದೆ. ಈ ನಾಲ್ಕು ಅಂಕಿ ಕೊಟ್ಟರೆ ಸಾಕು, ಇಂಥ ಉಂಡೆ ಪೂರ್ತಿ ಬಿಚ್ಚುವುದು ಗಡ್ಡೆಯ ಹೊರದ್ರವದಲ್ಲಲ್ಲ, ಕೋಶ ಅದನ್ನು ನುಂಗಿದ ಮೇಲೆ ಎಂದು ಓದುಗರು ತಾವೇ ಕಂಡುಕೊಳ್ಳುತ್ತಾರೆ. ಒಂದು ಎಚ್ಚರಿಕೆ: ಒತ್ತಾಗಿ ಕೂತ ಅಮೀನುಗಳ ಪಿಕೆಎ ಬಿಡಿ ಅಣುವಿನದಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಉಂಡೆಯಾದ ಮೇಲೆ ಟೈಟ್ರೇಶನ್ ಮಾಡಿ (ಆಮ್ಲವನ್ನೋ ಕ್ಷಾರವನ್ನೋ ಹನಿಹನಿಯಾಗಿ ಸೇರಿಸಿ) ಅಳೆದದ್ದನ್ನೇ ಬರೆಯಬೇಕು.

‘ಮಾತ್ರ’ವನ್ನು ಹೊಡೆದುಹಾಕಿ. ಆರೋಗ್ಯವಾಗಿರುವ ಕೋಶದ ಲೈಸೋಸೋಮೂ ಅಷ್ಟೇ ಆಮ್ಲೀಯ. ಯಕೃತ್ತಿನ ಕೋಶ ಅದೇ ಉಂಡೆಯನ್ನು ನುಂಗಿದರೆ ಔಷಧ ಅಲ್ಲೂ ಹೊರಬೀಳುತ್ತದೆ. ನಿಮ್ಮ ಮೊದಲ ಪ್ಯಾರಾದ ವಾರ್ಡಿನಲ್ಲಿ ಕೂತವರ ಮನೆಯವರೂ ಇದನ್ನು ಓದುತ್ತಾರೆ; ಅವರಿಗೆ ಆ ‘ಮಾತ್ರ’ ಒಂದು ಭರವಸೆ.

ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಕರಡು ತಿದ್ದಲು ಕಲಿಸಿದ ಹಿರಿಯರು ಪ್ರತಿ ಕ್ರಿಯಾಪದದ ಕೆಳಗೆ ಕೆಂಪು ಶಾಯಿಯಲ್ಲಿ ‘ಯಾವುದು? ಎಷ್ಟು?’ ಎಂದು ಬರೆಯುತ್ತಿದ್ದರು. ನಿಮ್ಮ ಪ್ರತಿಯ ಮೇಲೂ ಹಾಗೆಯೇ ಬರೆದು ಕಳಿಸುತ್ತಿದ್ದೇನೆ.

ಎರಡನೆಯದು: ‘ಕರ್ಚಿಕಾಯಿಯೊಳಗೆ ಹೂರಣವಿದ್ದಂತೆ ಔಷಧ ಮೈಸೆಲ್ಲಿನೊಳಗೆ ಭದ್ರವಾಗಿ ರಕ್ತದಲ್ಲಿ ಸಾಗುತ್ತದೆ.’ ಹೋಲಿಕೆ ನಮ್ಮ ಅಡುಗೆಮನೆಯದು, ಓದಿದಾಗ ಖುಷಿಯೂ ಆಯಿತು. ಆದರೆ ಕರ್ಚಿಕಾಯಿಯ ಅಂಚಿಗೆ ನೀರು ಹಚ್ಚಿ ಬೆರಳಿಂದ ಒತ್ತುತ್ತಾರೆ, ಮುಚ್ಚಿದರೆ ಮುಚ್ಚಿತು. ಮೈಸೆಲ್ಲಿಗೆ ಅಂಥ ಅಂಚಿಲ್ಲ. ಅಣುಗಳು ಒಳಗೆ ಬರುತ್ತ ಹೊರಗೆ ಹೋಗುತ್ತ ಇರುತ್ತವೆ. ದ್ರಾವಣದಲ್ಲಿ ಅವುಗಳ ಪ್ರಮಾಣ ಒಂದು ಮಿತಿಗಿಂತ ಹೆಚ್ಚಿದ್ದಾಗಷ್ಟೇ ಉಂಡೆ ನಿಲ್ಲುತ್ತದೆ. ಆ ಮಿತಿಯೇ ಸಿಎಂಸಿ (ಕ್ರಿಟಿಕಲ್ ಮೈಸೆಲ್ ಕಾನ್ಸಂಟ್ರೇಶನ್). ಟೂತ್‌ಪೇಸ್ಟಿನಲ್ಲಿರುವ ನೊರೆ ತರುವ ಸೋಡಿಯಂ ಡೋಡಿಸೈಲ್ ಸಲ್ಫೇಟಿನ ಸಿಎಂಸಿ 25 ಡಿಗ್ರಿಯ ಶುದ್ಧ ನೀರಿನಲ್ಲಿ ಸುಮಾರು 8 ಮಿಲಿಮೋಲಾರ್, ಅಂದರೆ ಲೀಟರಿಗೆ 2.3 ಗ್ರಾಂ.

ಈಗ ಲೆಕ್ಕ ಹಾಕಿ. ಮಿಲಿಲೀಟರಿಗೆ 10 ಮಿಲಿಗ್ರಾಂ ಪಾಲಿಮರ್ (ಮೈಸೆಲ್ ಕಟ್ಟುವ ಉದ್ದ ಸರಪಳಿಯ ಅಣು) ಇರುವ ದ್ರಾವಣ 10 ಮಿಲಿಲೀಟರ್ ಚುಚ್ಚಿದಿರಿ. ಒಟ್ಟು 100 ಮಿಲಿಗ್ರಾಂ. ಮೈಯಲ್ಲಿ ರಕ್ತ 5 ಲೀಟರ್. ಬೆರೆತ ಮೇಲೆ ಉಳಿಯುವುದು ಲೀಟರಿಗೆ 20 ಮಿಲಿಗ್ರಾಂ. ಪಾಲಿಮರಿನ ಸಿಎಂಸಿ ಲೀಟರಿಗೆ 5 ಮಿಲಿಗ್ರಾಂ ಆಗಿದ್ದರೆ ಉಂಡೆ ಉಳಿಯುವ ಆಸೆ ಇದೆ. 50 ಆಗಿದ್ದರೆ ಗಡ್ಡೆ ತಲುಪುವ ಮೊದಲೇ ಚೆದುರುತ್ತದೆ. ಸಾಲದ್ದಕ್ಕೆ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಔಷಧವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಇದಕ್ಕೆ ಒಂದು ಉಪಾಯ, ಅಣುಗಳ ನಡುವೆ ಡೈಸಲ್ಫೈಡ್ ಕೊಂಡಿ (ಎರಡು ಗಂಧಕಗಳನ್ನು ಬೆಸೆದದ್ದು) ಹಾಕುವುದು. ಆಗ ನಿಜಕ್ಕೂ ಅಂಚು ಒತ್ತಿದಂತಾಗುತ್ತದೆ. ಆ ಕೊಂಡಿಯನ್ನು ಕತ್ತರಿಸುವ ಗ್ಲುಟಥಯೋನ್ ಕೋಶದ ಹೊರಗೆ ಮೈಕ್ರೋಮೋಲಾರ್ (ಮಿಲಿಮೋಲಾರಿನ ಸಾವಿರದ ಒಂದು ಪಾಲು) ಲೆಕ್ಕದಲ್ಲಿದೆ, ಒಳಗೆ 1ರಿಂದ 10 ಮಿಲಿಮೋಲಾರ್. ನಿಮ್ಮ ಕರ್ಚಿಕಾಯಿಯನ್ನು ಇಲ್ಲಿಗೆ ತನ್ನಿ, ಅದರ ಜಾಗ ಇದು.

ಅದೇ ಪುಟದಲ್ಲಿ ‘ಪ್ರಯೋಗದಲ್ಲಿ ಔಷಧ 24 ಗಂಟೆ ನಿಧಾನವಾಗಿ ಬಿಡುಗಡೆಯಾಗುವುದು ಸಾಬೀತಾಗಿದೆ’ ಎಂದಿದ್ದೀರಿ. ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಪೊರೆಯ ಚೀಲದ, ಅಂದರೆ ಡಯಾಲಿಸಿಸ್ ಚೀಲದ ಪ್ರಯೋಗ ಎಂಬುದು ಚಿತ್ರದಿಂದ ತಿಳಿಯಿತು. ಹಾಗಾದರೆ ವಿವರ ಬೇಕು: ಉದಾಹರಣೆಗೆ, 3,500 ಡಾಲ್ಟನ್ (ಅಣುತೂಕದ ಅಳತೆ; ಅದಕ್ಕಿಂತ ದೊಡ್ಡ ಅಣು ದಾಟದು) ಚೀಲದಲ್ಲಿ 2 ಮಿಲಿಲೀಟರ್, ಹೊರಗೆ 200 ಮಿಲಿಲೀಟರ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ), 37 ಡಿಗ್ರಿ, ಎಷ್ಟು ವೇಗದಲ್ಲಿ ಕಲಕಿದಿರಿ, ಯಾವ ಯಾವ ಗಂಟೆಗೆ 1 ಮಿಲಿಲೀಟರ್ ತೆಗೆದು ಅಷ್ಟೇ ಹೊಸ ಬಫರ್ ಸೇರಿಸಿದಿರಿ, ತೆಗೆದದ್ದನ್ನು ಲೆಕ್ಕದಲ್ಲಿ ಕೂಡಿಸಿದಿರಾ. ಪಿಎಚ್ 5ಕ್ಕೂ ಫಾಸ್ಫೇಟ್ ಬಫರನ್ನೇ ಬಳಸಿದ್ದರೆ ಅಲ್ಲಿ ಅದು ಪಿಎಚ್ ಹಿಡಿದಿಡುವುದಿಲ್ಲ, ಅಸಿಟೇಟ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೈಸೆಲ್ ಇಲ್ಲದ ಬರೀ ಔಷಧವನ್ನೂ ಅಂಥದೇ ಚೀಲದಲ್ಲಿ ಹಾಕಿ ನೋಡಿರಬೇಕು. ಚೀಲ ತಾನೇ ಔಷಧವನ್ನು ತಡೆಯುತ್ತದೆ. ನೀರಲ್ಲಿ ಕರಗದ ಔಷಧವಾದರೆ ಚೀಲದ ತಳದಲ್ಲಿ ಗರಣೆಗಟ್ಟಿ ಮೆಲ್ಲಗೆ ಕರಗುತ್ತದೆ. ಗ್ರಾಫಿನಲ್ಲಿ ಅದೂ ‘ನಿಯಂತ್ರಿತ ಬಿಡುಗಡೆ’ಯ ಹಾಗೆಯೇ ಕಾಣುತ್ತದೆ. ಕರಗಲೆಂದು ಹೊರಗಿನ ಬಫರಿಗೆ ಟ್ವೀನ್ 80 ಎಂಬ ಸಾಬೂನಿನಂಥ ವಸ್ತು ಹಾಕುತ್ತಾರೆ. ಅದರ ಒಂಟಿ ಅಣು ಸುಮಾರು 1,310 ಡಾಲ್ಟನ್; ಚೀಲ ದಾಟಿ ಒಳಬಂದು ನಿಮ್ಮ ಮೈಸೆಲ್ಲನ್ನೇ ಕೆಡಿಸಬಲ್ಲದು. ಬಳಸಿದ್ದರೆ ಅದನ್ನೂ ಬರೆಯಿರಿ.

ಲೇಖನವನ್ನು ಹೊಸದಾಗಿ ಕಟ್ಟುವಾಗ ವಾರ್ಡಿನ ಮುಂದೆಯೇ ಒಂದು ಇನ್ಸುಲಿನ್ ಪೆನ್ ಇಡಿ. ಧಾರವಾಡದಲ್ಲಿ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ ಗ್ಲಾರ್ಜಿನ್ ಎಂಬ ಇನ್ಸುಲಿನ್ ಇರುತ್ತದೆ. ಕಾರ್ಟ್ರಿಜ್ಜಿನೊಳಗೆ ಪಿಎಚ್ ಸುಮಾರು 4, ದ್ರಾವಣ ನೀರಿನಷ್ಟು ತಿಳಿ. ಇನ್ಸುಲಿನ್ನಿನ ಒಂದು ಸರಪಳಿಯ ತುದಿಗೆ ಅರ್ಜಿನೀನ್ ಎಂಬ ಅಮೈನೋ ಆಮ್ಲ ಎರಡನ್ನು ಸೇರಿಸಿ, ಇನ್ನೊಂದು ಸರಪಳಿಯ ತುದಿಯ ಆಸ್ಪರಜೀನ್ ತೆಗೆದು ಗ್ಲೈಸೀನ್ ಇಟ್ಟಿದ್ದಾರೆ. ಅದರಿಂದ ಅಣು ಅತಿ ಕಡಿಮೆ ಕರಗುವ ಪಿಎಚ್ ಸುಮಾರು 5.4ರಿಂದ 6.7ಕ್ಕೆ ಏರಿದೆ. ಚರ್ಮದ ಕೆಳಗಿನ 7.4 ತಾಗಿದೊಡನೆ ಅದು ಸಣ್ಣ ಹರಳುಪುಡಿಯಂತೆ ಕೂಡಿಕೊಂಡು, ಸುಮಾರು ಒಂದು ದಿನದುದ್ದಕ್ಕೂ ಸ್ವಲ್ಪಸ್ವಲ್ಪವೇ ಬಿಡಿಯಾಗಿ ರಕ್ತಕ್ಕೆ ಇಳಿಯುತ್ತದೆ. ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಬೆರೆಸಿದರೆ ಪಿಎಚ್ ಬದಲಾಗಿ ಸಿರಿಂಜಿನಲ್ಲೇ ಕದಡುತ್ತದೆ. ದಿನಾ ರಾತ್ರಿ ಅಜ್ಜಿಗೆ ಪೆನ್ ಹಚ್ಚುವ ಹುಡುಗನಿಗೆ ಈ ಪ್ಯಾರಾ ಸಾಕು. ಮುಂದೆ ನೀವು ಮೈಸೆಲ್ ಎಂದರೆ ಅವನು ಓದುತ್ತಾನೆ.

ಈ ತಿಂಗಳ 25ರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ನೀವು ಬಳಸಿದ ಪಾಲಿಮರಿನ ಸಿಎಂಸಿ ಎಷ್ಟು, ಅದನ್ನು ಯಾವ ತಾಪಮಾನದಲ್ಲಿ ಅಳೆದಿರಿ, ಅದನ್ನು ಮಾತ್ರ ನಾಳೆಯೇ ಬರೆದು ತಿಳಿಸಿ.

ಇಂತು,
ಸಂಪಾದಕ